ಗೋರಿಗಳ ನಡುವೆ ಕಥಾಶ್ರವಣ

ಇಂಗ್ಲೆಂಡ್ ದೇಶದ ಹಳೆಯ ರುದ್ರಭೂಮಿಗಳಲ್ಲಿ ಈಚೆಗೆ ಒಂದು ಹೊಸ ಪದ್ಧತಿಯು ಬೇರೂರಿರುವುದು. ಹೊತ್ತು ಮುಳುಗುವ ವೇಳೆಗೆ ಊರಿನ ಗೃಹಸ್ಥರು, ಹೆಂಗಸರು, ವಿದ್ಯಾರ್ಥಿಗಳು ಚೀಟಿ ಕೊಂಡು ಗೋರಿವನದ ಬಾಗಿಲೊಳಗೆ ಪ್ರವೇಶಿಸುತ್ತಾರೆ. ಕೈದೀಪವನ್ನು ಹಿಡಿದ ಕಥೆಗಾರನೊಬ್ಬನು ಮುಂದೆ ನಡೆಯುತ್ತಾನೆ. ಐವಿಬಳ್ಳಿ ಹಬ್ಬಿದ ಕಲ್ಲುಗಳ ನಡುವೆ, ಇಲ್ಲವೆ ಹಿಂದೆ ಶವಸಂಸ್ಕಾರದ ಪ್ರಾರ್ಥನೆ ನಡೆಯುತ್ತಿದ್ದ ಮಂದಿರದೊಳಗೆ, ಎಲ್ಲರೂ ಕುಳಿತು ಕಥೆ ಕೇಳುತ್ತಾರೆ. ಬ್ರಿಸ್ಟಲ್ ನಗರದ ಆರ್ನೋಸ್ ವೇಲ್ ಎಂಬ ಗೋರಿವನವು ಇಂತಹ ಸಂಜೆಗಳಿಗೆ ಹೆಸರಾದುದು. ಅಲ್ಲಿ ಕಥಾಪ್ರಸಂಗಗಳೂ ನಾಟಕಗಳೂ ನಡೆಯುವುವು. ವಿವಾಹಗಳು ಕೂಡ ಜರುಗುವುವು. ಈ ವರ್ತಮಾನವನ್ನು ಕೇಳಿ ನಮ್ಮ ವಾಚಕ ಮಹಾಶಯರಲ್ಲಿ ಹಲವರು ಹುಬ್ಬು ಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಸತ್ತವರು ಮಲಗಿರುವೆಡೆ ವಿನೋದವೆ, ಚೀಟಿಯ ವ್ಯಾಪಾರವೆ ಎಂದು ಅವರು ಕೇಳುವುದು ಸಹಜವೇ ಆಗಿದೆ. ಆದರೂ ಈ ವಿಚಾರವನ್ನು ಒಂದು ಮಾತಿನಲ್ಲಿ ತಳ್ಳಿಬಿಡುವಂತಿಲ್ಲ. ಅದೇ ಆರ್ನೋಸ್ ವೇಲಿನ ಬಾಗಿಲ ಸಮೀಪದಲ್ಲಿ ಕಲ್ಲಿನ ಛತ್ರಿಯೊಂದರ ಅಡಿಯಲ್ಲಿ ನಮ್ಮ ದೇಶದ ರಾಜಾ ರಾಮಮೋಹನ ರಾಯರು ಮಲಗಿರುತ್ತಾರೆ. ಆದುದರಿಂದ ಅಲ್ಲಿ ಯಾವ ಕಥೆಯನ್ನು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದು ನಮಗೂ ಸಂಬಂಧಪಟ್ಟ ವಿಷಯವಾಗಿದೆ.

ಮೊದಲು ಈ ಗೋರಿವನಗಳು ಹುಟ್ಟಿದ ಬಗೆಯನ್ನು ತಿಳಿಯಬೇಕು. ಹಿಂದೆ ಆಂಗ್ಲರು ತಮ್ಮ ಸತ್ತವರನ್ನು ಇಗರ್ಜಿಯ ಸುತ್ತಲಿನ ಕಿರಿಯ ಅಂಗಳದಲ್ಲಿಯೇ ಹೂಳುತ್ತಿದ್ದರು. ಹಳ್ಳಿಗೆ ಅದು ಸಾಕಾಗುತ್ತಿದ್ದಿತು. ಕಾರ್ಖಾನೆಗಳ ಯುಗವು ಬಂದು ಪಟ್ಟಣಗಳು ಉಬ್ಬಿದುವು. 1801ನೆಯ ಇಸವಿಯಲ್ಲಿ ಸುಮಾರು 10 ಲಕ್ಷ ಜನರಿದ್ದ ಲಂಡನ್ ನಗರವು 1851ರ ವೇಳೆಗೆ 23 ಲಕ್ಷವನ್ನು ಮೀರಿತು. ಬದುಕಿದ್ದವರಿಗೇ ಎಡೆಯಿಲ್ಲದ ಊರಿನಲ್ಲಿ ಸತ್ತವರಿಗೆ ಎಡೆ ಎಲ್ಲಿಯದು? ಒಂದರ ಮೇಲೊಂದು ಹೂಳಿದರು. ಹಳೆಯ ಎಲುಬುಗಳನ್ನು ತೆಗೆದು ಹೊಸ ಹೆಣಗಳನ್ನಿಟ್ಟರು. 1831–32ರಲ್ಲಿ ಕಾಲರಾ ಮಾರಿಯು ಬಂದೆರಗಿದಾಗ ಈ ಅಂಗಳಗಳ ದುರ್ಗಂಧವೇ ರೋಗಕ್ಕೆ ಮೂಲವೆಂದು ಜನರು ನಂಬಿದರು. ಆ ವೈದ್ಯಶಾಸ್ತ್ರವು ತಪ್ಪಾಗಿದ್ದರೂ ಅದರಿಂದ ಆದ ಸುಧಾರಣೆಯು ಒಳ್ಳೆಯದೇ ಆಯಿತು. ಊರ ಹೊರಗೆ, ಗಾಳಿ ಬೆಳಕು ಉಳ್ಳ ವಿಶಾಲವಾದ ತೋಟಗಳಲ್ಲಿ ಹೂಳಬೇಕೆಂಬ ವಿಚಾರವು ಬಲವಾಯಿತು. 1804ರಲ್ಲಿ ಪ್ಯಾರಿಸ್ ನಗರದಲ್ಲಿ ತೆರೆದ ಪೇರ್ ಲಾಶೇಜ್ ಎಂಬ ಗೋರಿವನವು ಮಾದರಿಯಾಗಿ ಕಣ್ಣ ಮುಂದಿದ್ದಿತು. ಲಂಡನ್ನಿನ ಸುತ್ತ 1833ರಿಂದ 1841ರ ಒಳಗೆ ಇಂತಹ ಏಳು ಗೋರಿವನಗಳು ತೆರೆದುವು. ಕೆನ್ಸಲ್ ಗ್ರೀನ್ ಮೊದಲನೆಯದು. ಕಾರ್ಲ್ ಮಾರ್ಕ್ಸ್ ಮಲಗಿರುವ ಹೈಗೇಟ್ 1839ರದು. ಬ್ರಿಸ್ಟಲಿನ ಆರ್ನೋಸ್ ವೇಲ್ ಸಹ ಅದೇ 1839ರಲ್ಲಿ ತೆರೆಯಿತು. ಚಾರ್ಲ್ಸ್ ಅಂಡರ್‌ವುಡ್ ಎಂಬ ಶಿಲ್ಪಿಯು ಅಲ್ಲಿ ಎರಡು ಮಂದಿರಗಳನ್ನು ಕಟ್ಟಿದನು. ಸರ್ಕಾರದ ಮತಕ್ಕೆ ಸೇರಿದವರಿಗೆ ಒಂದು, ಆ ಮತವನ್ನು ಒಪ್ಪದ ಕ್ರೈಸ್ತರಿಗೆ ಇನ್ನೊಂದು. ಮರಣಾನಂತರವೂ ಪಂಕ್ತಿಭೇದವು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲವೆಂದು ಇದರಿಂದ ತಿಳಿಯಬಹುದು.

ಇವುಗಳನ್ನು ಕಟ್ಟಿದವರು ಧರ್ಮಾರ್ಥವಾಗಿ ಕಟ್ಟಲಿಲ್ಲ. ಷೇರುಗಳನ್ನು ಮಾರಿ ಬಂಡವಾಳ ಕೂಡಿಸಿದ ಕಂಪೆನಿಗಳು ಲಾಭಕ್ಕಾಗಿ ನಡೆಸಿದ ಉದ್ಯಮವಿದು. ಈ ಉದ್ಯಮದ ಹೊಟ್ಟೆಯಲ್ಲಿಯೇ ಅದರ ಮೃತ್ಯುವೂ ಅಡಗಿದ್ದಿತು. ಗೋರಿಯ ಸ್ಥಳವನ್ನು ಒಂದು ಸಲ ಮಾರಬಹುದು. ಅದರ ರಕ್ಷಣೆಯನ್ನು ಮಾತ್ರ ಎಂದೆಂದಿಗೂ ಮಾಡುತ್ತಿರಬೇಕು. ಹೊಸ ಸ್ಥಳವಿರುವ ತನಕ ಹಣ ಬರುವುದು. ನೆಲವು ತುಂಬಿದೊಡನೆ ವರಮಾನವು ಬತ್ತುವುದು, ವೆಚ್ಚವು ಬೆಳೆಯುವುದು. ಮೊಮ್ಮಕ್ಕಳ ಕಾಲಕ್ಕೆ ಬಂಧುಗಳ ಭೇಟಿಯೂ ನಿಲ್ಲುವುದು. ಹೀಗಾಗಿ 20ನೆಯ ಶತಮಾನದ ನಡುಭಾಗ ಕಳೆಯುವುದರೊಳಗೆ ಈ ಭವ್ಯವಾದ ತೋಟಗಳಲ್ಲಿ ಹಲವು ಮುಳ್ಳುಪೊದೆಗಳ ಕಾಡಾದುವು. ಕಲ್ಲುಗಳು ಉರುಳಿದುವು, ಮಂದಿರಗಳ ಸೂರು ಕುಸಿಯಿತು. ಆರ್ನೋಸ್ ವೇಲಿನಲ್ಲಿ 1987ರಲ್ಲಿ ಇನ್ನೂ ದೊಡ್ಡ ಗಂಡಾಂತರವು ಒದಗಿತು. 45 ಎಕರೆಯ ಆ ಭೂಮಿಯ ಒಂದು ಭಾಗದಲ್ಲಿ ಕಟ್ಟಡಗಳನ್ನೆಬ್ಬಿಸುವ ಯೋಚನೆಯನ್ನು ಅದರ ಒಡೆತನದವರು ಹೊರಗೆಡಹಿದರು. ಊರಿನ ಜನರು ಎದ್ದು ನಿಂತರು. ಹೋರಾಟವು ವರ್ಷಗಟ್ಟಲೆ ನಡೆಯಿತು. ಕಟ್ಟಕಡೆಗೆ 2003ರಲ್ಲಿ ಬ್ರಿಸ್ಟಲಿನ ನಗರಸಭೆಯವರು ಕಾಯಿದೆಯ ಬಲದಿಂದ ಭೂಮಿಯನ್ನು ವಶಪಡಿಸಿಕೊಂಡರು. ಅದರ ಪಾಲನೆಯು ಒಂದು ಟ್ರಸ್ಟಿಗೆ ಬಂದಿತು. ಪರಂಪರೆಯ ರಕ್ಷಣೆಗಾಗಿ ಮೀಸಲಿಟ್ಟ ರಾಷ್ಟ್ರೀಯ ಲಾಟರಿಯ ನಿಧಿಯಿಂದ ಸುಮಾರು 48 ಲಕ್ಷ ಪೌಂಡುಗಳ ನೆರವು ದೊರೆತು, 2010ರ ಹೊತ್ತಿಗೆ ಕಟ್ಟಡಗಳ ಜೀರ್ಣೋದ್ಧಾರವಾಯಿತು.

ಇಷ್ಟು ಪೂರ್ವೋತ್ತರವನ್ನು ಬಿಡಿಸಿ ಹೇಳಿದುದಕ್ಕೆ ಕಾರಣವಿದೆ. ಗೋಡೆಗಳನ್ನು ಲಾಟರಿಯ ಹಣವು ಒಂದು ಸಲ ಎಬ್ಬಿಸಿ ನಿಲ್ಲಿಸಬಹುದು. ಆದರೆ ದಿನದಿನವೂ ಕಳೆ ಕೀಳುವವರು ಯಾರು? ಕಾವಲಿನವನಿಗೆ ಸಂಬಳ ಎಲ್ಲಿಂದ ಬರಬೇಕು? ಸಂಜೆಯ ಕಥೆಯ ಚೀಟಿಯು ಈ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಒಂದಾಗಿರುತ್ತದೆ. ಹಣಕ್ಕಿಂತಲೂ ಮುಖ್ಯವಾದ ಇನ್ನೊಂದು ಲಾಭವಿದೆ. ಬಂಧುಗಳಿಲ್ಲದ ಗೋರಿಗೆ ಕಥೆ ಕೇಳಿದವನೇ ಬಂಧುವಾಗುತ್ತಾನೆ. ಯಾರೂ ಕಾಲಿಡದ ನೆಲವನ್ನು ನುಂಗುವುದು ಸುಲಭ. ಜನರು ಬಂದು ಕುಳಿತು, ಕೇಳಿ, ಕಣ್ಣೊರೆಸಿಕೊಂಡ ನೆಲವನ್ನು ನುಂಗುವುದು ಅಷ್ಟು ಸುಲಭವಲ್ಲ.

ಇನ್ನು ಆಕ್ಷೇಪಗಳನ್ನು ನೋಡೋಣ. ಶ್ಮಶಾನವು ಅಶೌಚದ ಸ್ಥಳ, ಹೋಗಿಬಂದವನು ಸ್ನಾನಮಾಡದೆ ಮನೆಯೊಳಗೆ ಕಾಲಿಡತಕ್ಕದ್ದಲ್ಲ, ಅಲ್ಲಿ ಕಥಾಕಾಲಕ್ಷೇಪವೇನು ಎಂಬುದು ಮೊದಲನೆಯದು. ಹೀಗೆ ಹೇಳುವವರು ನಮ್ಮ ಕಥೆಗಳನ್ನೇ ಮರೆತಿರುತ್ತಾರೆಂದು ಹೇಳಬೇಕಾಗಿದೆ. ಹರಿಶ್ಚಂದ್ರನ ಸತ್ಯವು ಒರೆಗೆ ಹತ್ತಿದುದು ಅರಮನೆಯಲ್ಲಲ್ಲ, ಕಾಶಿಯ ಸುಡುಗಾಡಿನಲ್ಲಿ. ರಾಘವಾಂಕನು ಆ ಸುಡುಗಾಡನ್ನು ಕನ್ನಡಿಗರ ಮನೆಮನೆಗೂ ತಂದು ನಿಲ್ಲಿಸಿದನು. ವಿಕ್ರಮಾರ್ಕನ ಹೆಗಲನ್ನೇರಿದ ಬೇತಾಳನು ತನ್ನ ಕಥೆಗಳನ್ನು ಹೇಳಿದುದು ರುದ್ರಭೂಮಿಯ ದಾರಿಯಲ್ಲಿಯೇ. ಒಂದೊಂದು ಕಥೆಯ ಕೊನೆಗೂ ನ್ಯಾಯದ ಪ್ರಶ್ನೆಯೊಂದನ್ನು ಕೇಳಿ, ಉತ್ತರವು ತಿಳಿದೂ ಮೌನವಾಗಿದ್ದರೆ ತಲೆಯು ಸಾವಿರ ಹೋಳಾಗುವುದೆಂದು ಅವನು ಎಚ್ಚರಿಸುತ್ತಾನೆ. ಶ್ಮಶಾನದಲ್ಲಿ ಹೇಳುವ ಕಥೆಯು ಹೀಗೆಯೇ ಇರಬೇಕೆಂದು ನಮ್ಮ ಹಿರಿಯರು ನಿಯಮವನ್ನೇ ಹಾಕಿಕೊಟ್ಟಂತಿದೆ: ಅದು ಕೇಳುವವನನ್ನು ಪ್ರಶ್ನಿಸಬೇಕು, ಕೇಳುವವನು ಉತ್ತರಿಸಬೇಕು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಚೀಟಿಯ ಮಾರಾಟಕ್ಕೆ ಇಳಿದಮೇಲೆ ಜನರು ಬಯಸುವುದನ್ನೇ ಕೊಡಬೇಕಾಗುವುದು. ಜನರು ಬಯಸುವುದು ದೆವ್ವದ ಕಥೆಯನ್ನು. ಬಿಳಿಯ ಸೀರೆಯ ಹೆಂಗಸು, ತಲೆಯಿಲ್ಲದ ಸವಾರ, ಅರ್ಧರಾತ್ರಿಯ ಗಂಟೆ, ಇವುಗಳ ಗದ್ದಲದಲ್ಲಿ ಅಲ್ಲಿ ನಿಜವಾಗಿ ಮಲಗಿರುವವರ ಹೆಸರು ಕೇಳಿಸದೆ ಹೋಗುವುದು. ಈ ಭಯವು ನಿರಾಧಾರವಾದುದಲ್ಲ. ಮಕ್ಕಳು ಒಂದಿಷ್ಟು ಹೆದರಿ ನಕ್ಕರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಲಕ್ಷಕ್ಕೂ ಮೀರಿ ಜನರು ಮಣ್ಣಾಗಿರುವ ನೆಲದಲ್ಲಿ ಕಟ್ಟುಕಥೆಯ ದೆವ್ವಕ್ಕೆ ಮಣೆ ಹಾಕಿ, ಬಾಳಿ ಬದುಕಿದ ಮನುಷ್ಯನನ್ನು ಹೊರಗೆ ನಿಲ್ಲಿಸುವುದು ಅನ್ಯಾಯವೇ ಸರಿ. ಅಲ್ಲಿ ಹೇಳತಕ್ಕ ನಿಜವಾದ ಕಥೆಗಳಿಗೇನು ಕೊರತೆಯೆ? 10,000ಕ್ಕೂ ಹೆಚ್ಚು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ 1898ರಲ್ಲಿ ತೀರಿಕೊಂಡು ಅಲ್ಲಿಯೇ ಮಲಗಿದ್ದಾರೆ. ಬೀದಿಯ ಮಕ್ಕಳಿಗಾಗಿ ಶಾಲೆಗಳನ್ನು ತೆರೆದ ಮೇರಿ ಕಾರ್ಪೆಂಟರ್ ಎಂಬ ಮಹಿಳೆಯೂ ಅಲ್ಲಿಯೇ ಇದ್ದಾರೆ. ಕಲ್ಲಿನ ಗುರುತೂ ಇಲ್ಲದೆ ಸಾಮಾನ್ಯ ಗುಂಡಿಗಳನ್ನು ಸೇರಿದ ಬಡವರ ಕಥೆಯು ಇವೆಲ್ಲಕ್ಕಿಂತ ಹೆಚ್ಚು ಹೇಳಬೇಕಾದುದು. ಏಕೆಂದರೆ ಅವರಿಗೆ ಅದನ್ನು ಬಿಟ್ಟು ಬೇರೆ ಸ್ಮಾರಕವಿಲ್ಲ.

ಈಗ ನಮಗೆ ಸಂಬಂಧಪಟ್ಟ ಕಥೆಗೆ ಬರೋಣ. ರಾಮಮೋಹನ ರಾಯರು 1830ರ ನವೆಂಬರಿನಲ್ಲಿ ಕಲ್ಕತ್ತೆಯನ್ನು ಬಿಟ್ಟು, 1831ರ ಏಪ್ರಿಲಿನಲ್ಲಿ ಲಿವರ್‌ಪೂಲಿನಲ್ಲಿ ಇಳಿದರು. ದೆಹಲಿಯ ಬಾದಷಹರಾದ ಎರಡನೆಯ ಅಕ್ಬರರು ತಮಗೆ ಕಂಪೆನಿಯಿಂದ ಬರತಕ್ಕ ಹಣದ ಬಗ್ಗೆ ವಾದಿಸುವುದಕ್ಕಾಗಿ ಇವರಿಗೆ ರಾಜಾ ಎಂಬ ಬಿರುದನ್ನಿತ್ತು ಕಳುಹಿಸಿದ್ದರು. 1829ರ ಡಿಸೆಂಬರ್ 4ರಂದು ಬೆಂಟಿಂಕ್ ಪ್ರಭುವು ಸಹಗಮನವನ್ನು ನಿಷೇಧಿಸಿದ್ದನು. ಅದನ್ನು ರದ್ದುಮಾಡಿಸಬೇಕೆಂದು ನಮ್ಮವರೇ ಕೆಲವರು ಪ್ರಿವಿ ಕೌನ್ಸಿಲಿನವರೆಗೆ ಮೊರೆಹೋಗಿದ್ದರು. ಆ ಮೊರೆಯು 1832ರಲ್ಲಿ ತಿರಸ್ಕೃತವಾದಾಗ ರಾಯರು ಲಂಡನ್ನಿನಲ್ಲಿಯೇ ಇದ್ದರು. ಅಲ್ಲಿದ್ದ ಕಾಲದಲ್ಲಿ ಅವರು ಔತಣಗಳನ್ನುಣ್ಣುತ್ತ ಕುಳಿತಿರಲಿಲ್ಲ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಂದಾಯದ ವ್ಯವಸ್ಥೆಯನ್ನೂ ಕಂಪೆನಿಯ ನ್ಯಾಯಾಡಳಿತವನ್ನೂ ಕುರಿತು ಬರೆವಣಿಗೆಯ ಮೂಲಕ ಸಾಕ್ಷ್ಯ ನುಡಿದರು. ಜಮೀನ್ದಾರಿಯ ಅಡಿಯಲ್ಲಿ ರೈತನು ಪಡುತ್ತಿದ್ದ ಪಾಡನ್ನು ಬಿಚ್ಚಿಟ್ಟರು. 1833ರ ಸೆಪ್ಟೆಂಬರಿನಲ್ಲಿ ಮೇರಿ ಕಾರ್ಪೆಂಟರರ ತಂದೆಯಾದ ಲ್ಯಾಂಟ್ ಕಾರ್ಪೆಂಟರ್ ಎಂಬ ಪಾದ್ರಿಯ ಆಹ್ವಾನದಿಂದ ಬ್ರಿಸ್ಟಲಿಗೆ ಬಂದು, ಸ್ಟೇಪಲ್ಟನ್ ಎಂಬಲ್ಲಿ ಸ್ನೇಹಿತರ ಮನೆಯಲ್ಲಿ ಇಳಿದುಕೊಂಡರು. ಕೆಲವೇ ದಿನಗಳಲ್ಲಿ ಜ್ವರವು ತಲೆಗೇರಿ, ಆ ತಿಂಗಳ 27ರಂದು ಪರಲೋಕವನ್ನೈದಿದರು.

ಅವರನ್ನು ಹೂಳಿದ ಬಗೆಯು ಗಮನಕ್ಕೆ ಯೋಗ್ಯವಾದುದು. ಕ್ರೈಸ್ತ ವಿಧಿಯಿಂದ ಸಂಸ್ಕಾರವಾದರೆ ಊರಿನಲ್ಲಿರುವ ಮಕ್ಕಳ ಜಾತಿಗೂ ಆಸ್ತಿಯ ಹಕ್ಕಿಗೂ ಕುಂದು ಬಂದೀತೆಂದು ಅವರು ಮೊದಲೇ ತಿಳಿಸಿದ್ದರು. ಕೊನೆಯ ಉಸಿರಿನ ವೇಳೆಗೂ ಜನಿವಾರವು ಮೈಮೇಲಿದ್ದಿತು. ಆತಿಥೇಯರು ಅವರ ಮಾತನ್ನು ನಡೆಸಿದರು. ಅಕ್ಟೋಬರ್ 18ರಂದು ಆ ಮನೆಯ ತೋಟದ ಮರಗಳಡಿಯಲ್ಲಿ, ಯಾವ ಮಂತ್ರವೂ ಪ್ರಾರ್ಥನೆಯೂ ಇಲ್ಲದೆ, ಮೌನದಲ್ಲಿ ಮಣ್ಣು ಮಾಡಿದರು. ಹತ್ತು ವರ್ಷಗಳ ಬಳಿಕ ಸ್ನೇಹಿತರಾದ ದ್ವಾರಕಾನಾಥ ಠಾಕೂರರ ಪ್ರಯತ್ನದಿಂದ ದೇಹವನ್ನು ಆರ್ನೋಸ್ ವೇಲಿಗೆ ತಂದರು. ವಿಲಿಯಂ ಪ್ರಿನ್ಸೆಪ್ ಎಂಬವರು ರಚಿಸಿದ ನಕ್ಷೆಯಂತೆ ಬಂಗಾಳದ ಮಾದರಿಯ ಛತ್ರಿಯು ಎದ್ದಿತು. ಗ್ರೀಕ್ ದೇಗುಲದ ಅನುಕರಣೆಗಳ ನಡುವೆ ಅದೊಂದು ಇಂದಿಗೂ ನಮ್ಮ ಊರಿನ ಕಟ್ಟಡದಂತೆ ನಿಂತಿರುತ್ತದೆ. ಛತ್ರಿಯನ್ನು ಕಟ್ಟಿಸಿದ ದ್ವಾರಕಾನಾಥರೂ 1846ರಲ್ಲಿ ಲಂಡನ್ನಿನಲ್ಲಿಯೇ ತೀರಿಹೋಗಿ, ಕೆನ್ಸಲ್ ಗ್ರೀನ್ ಗೋರಿವನವನ್ನು ಸೇರಿದರು. ಇಪ್ಪತ್ತಾರು ವರ್ಷದ ಹೆಣ್ಣಾಗಿ ರಾಯರನ್ನು ಕಂಡಿದ್ದ ಮೇರಿ ಕಾರ್ಪೆಂಟರರು 1866ರಲ್ಲಿ ಅವರ ಕೊನೆಯ ದಿನಗಳನ್ನು ಕುರಿತು ಗ್ರಂಥವನ್ನು ಬರೆದು, ಅದೇ ವರ್ಷ ಹಿಂದೂದೇಶಕ್ಕೆ ಬಂದರು. ಒಟ್ಟು ನಾಲ್ಕು ಸಲ ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದರು. 1877ರಲ್ಲಿ ಮರಣ ಹೊಂದಿ, ರಾಯರು ಮಲಗಿದ ತೋಟದಲ್ಲಿಯೇ ಮಲಗಿದರು. ಕಥೆಗಾರನಿಗೆ ಇದಕ್ಕಿಂತ ಮಿಗಿಲಾದ ಸಾಮಗ್ರಿಯು ಬೇಕೆ?

ಆದರೆ ಈ ಕಥೆಯನ್ನು ಅರ್ಧ ಹೇಳುವ ಅಪಾಯವಿದೆ. ಪೂರ್ವದಿಂದ ಬಂದ ಒಬ್ಬ ಸಜ್ಜನನು ಆಂಗ್ಲರ ಸ್ನೇಹಕ್ಕೆ ಪಾತ್ರನಾಗಿ ಅವರ ಮಡಿಲಲ್ಲಿಯೇ ಕಣ್ಮುಚ್ಚಿದನೆಂದು ಹೇಳಿ ಮುಗಿಸಿದರೆ, ಕೇಳಿದವರಿಗೆ ಹಿತವಾಗಬಹುದು. ಸತ್ಯವು ಅಷ್ಟಕ್ಕೆ ತೃಪ್ತಿಪಡದು. ರಾಯರು ಪತ್ರಿಕಾಕರ್ತರಾಗಿದ್ದರು. 1821ರಲ್ಲಿ ಬಂಗಾಳಿಯ ಸಂವಾದ ಕೌಮುದಿಯನ್ನೂ 1822ರಲ್ಲಿ ಪಾರಸಿಯ ಮಿರಾತ್-ಉಲ್-ಅಖ್ಬಾರನ್ನೂ ನಡೆಸಿದರು. 1823ರಲ್ಲಿ ಕಂಪೆನಿ ಸರ್ಕಾರದವರು ಪತ್ರಿಕೆಗಳ ಬಾಯಿಗೆ ಬೀಗ ಹಾಕಲು ಲೈಸೆನ್ಸಿನ ಕಟ್ಟಳೆಯನ್ನು ತಂದಾಗ, ಅಪ್ಪಣೆ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಲೇಸೆಂದು ತಮ್ಮ ಪಾರಸಿಯ ಪತ್ರಿಕೆಯನ್ನು ನಿಲ್ಲಿಸಿಬಿಟ್ಟರು. ಸುಪ್ರೀಂ ಕೋರ್ಟಿಗೂ ಆಮೇಲೆ ವಿಲಾಯಿತಿಯ ದೊರೆಗೂ ಮನವಿಯನ್ನು ಬರೆದರು. ಅದೇ ವೃತ್ತಿಯಲ್ಲಿರುವ ನಾವು ಇದನ್ನು ಮರೆಯಲಾರೆವು. ಬ್ರಿಸ್ಟಲ್ ನಗರವು ಕೂಡ ಬರಿಯ ಸಜ್ಜನರ ಊರಾಗಿರಲಿಲ್ಲ. ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ಮಾರಿದ ಹಣವು ಅದರ ಸೌಧಗಳಲ್ಲಿ ಬೆರೆತಿದೆ. ರಾಯರು ಬ್ರಿಸ್ಟಲಿಗೆ ಬಂದ 1833ರಲ್ಲಿಯೇ ಪಾರ್ಲಿಮೆಂಟಿನವರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಶಾಸನವನ್ನು ಮಾಡಿದರು. ಗುಲಾಮರ ವ್ಯಾಪಾರಿಯಾದ ಕೋಲ್‌ಸ್ಟನ್ ಎಂಬವನ ಪ್ರತಿಮೆಯನ್ನು ಊರಿನ ಜನರು ಉರುಳಿಸಿ ಬಂದರಿನ ನೀರಿಗೆ ನೂಕಿದುದು 2020ರ ಜೂನ್ 7ರಂದು. ರಾಯರ ಪ್ರತಿಮೆಯು 1997ರಿಂದ ಅದೇ ಊರಿನ ಕಾಲೇಜ್ ಗ್ರೀನಿನಲ್ಲಿ ನಿಂತಿದೆ. ಈ ಎಲ್ಲವನ್ನೂ ಒಟ್ಟಿಗಿಟ್ಟು ಹೇಳುವವನೇ ನಿಜವಾದ ಕಥೆಗಾರನು. ಕೇಳಿದವರು ಮನೆಗೆ ಹೋಗುವಾಗ ಹೆಗಲಮೇಲೆ ಬೇತಾಳನ ಪ್ರಶ್ನೆಯೊಂದು ಕುಳಿತಿರಬೇಕು.

ಪರದೇಶದ ಕಥೆಗಾರನಿಗೆ ಹೀಗೆ ವಿಧಿನಿಷೇಧಗಳನ್ನು ಹೇಳುವ ಅಧಿಕಾರವು ನಮಗೆಲ್ಲಿಯದೆಂದು ಯಾರಾದರೂ ಕೇಳಬಹುದು. ಅಧಿಕಾರವು ನಮ್ಮ ನಡತೆಯಿಂದ ಬರಬೇಕು. ಆದುದರಿಂದ ದೃಷ್ಟಿಯನ್ನು ಸ್ವಲ್ಪ ಇತ್ತ ತಿರುಗಿಸೋಣ. ರಾಯರು ಯಾವ ಬೆಂಕಿಯನ್ನು ಆರಿಸಲು ಹೆಣಗಿದರೋ ಆ ಬೆಂಕಿಯ ಸಾಕ್ಷಿಗಳು ಕನ್ನಡನಾಡಿನ ಊರೂರಲ್ಲಿ ನಿಂತಿವೆ. ಕಂಬದಿಂದ ಹೊರಚಾಚಿದ ಬಳೆ ತೊಟ್ಟ ತೋಳು, ಬೆರಳುಗಳ ನಡುವೆ ನಿಂಬೆಯ ಹಣ್ಣು: ಇದೇ ಮಾಸ್ತಿಕಲ್ಲು. ಅರಿಸಿನ ಕುಂಕುಮವನ್ನಿಟ್ಟು ಕೈಮುಗಿಯುವವರುಂಟು; ಆ ತೋಳು ಯಾರದು, ಅವಳ ವಯಸ್ಸೆಷ್ಟು, ಅವಳು ಒಪ್ಪಿದಳೆ ಎಂದು ಕೇಳುವವರು ವಿರಳ. ಕೇಳದಿರುವುದರ ಫಲವೇನೆಂಬುದು 1987ರಲ್ಲಿ ಕಂಡುಬಂದಿತು. ಆರ್ನೋಸ್ ವೇಲಿಗೆ ಗಂಡಾಂತರ ಬಂದ ಆ ವರ್ಷದ ಸೆಪ್ಟೆಂಬರಿನಲ್ಲಿಯೇ ರಾಜಸ್ಥಾನದ ದೇವರಾಲಾ ಗ್ರಾಮದಲ್ಲಿ ಹದಿನೆಂಟರ ಆಸುಪಾಸಿನ ವಿಧವೆಯೊಬ್ಬಳು ಗಂಡನ ಚಿತೆಯಲ್ಲಿ ಉರಿದುಹೋದಳು. ಸಾವಿರಾರು ಜನರು ನೆರೆದು ಜಯಘೋಷ ಮಾಡಿದರು. ಬೆಂಟಿಂಕನ ಕಟ್ಟಳೆಯಾಗಿ 158 ವರ್ಷಗಳಾದ ಮೇಲೆ, ಸ್ವತಂತ್ರ ಭಾರತದ ಪಾರ್ಲಿಮೆಂಟಿನವರು ಸಹಗಮನವನ್ನೂ ಅದರ ವೈಭವೀಕರಣವನ್ನೂ ದಂಡಿಸುವ ಹೊಸ ಕಾಯಿದೆಯನ್ನು ಮಾಡಬೇಕಾಗಿ ಬಂದಿತು. ಕಥೆಯನ್ನು ನೆಟ್ಟಗೆ ಹೇಳದಿದ್ದಲ್ಲಿ ಕಲ್ಲು ದೇವರಾಗುವುದು, ಕೊಲೆಯು ಪುಣ್ಯವಾಗುವುದು.

ವೀರಗಲ್ಲುಗಳ ಪಾಡೂ ಇದಕ್ಕಿಂತ ಮೇಲಲ್ಲ. ಅವು ಸತ್ತವರ ಕಥೆಯನ್ನು ಹೇಳಲೆಂದೇ ಕೆತ್ತಿಸಿದ ಕಲ್ಲುಗಳು. ಸುಮಾರು 890ರ ಬೇಗೂರಿನ ಕಲ್ಲೊಂದರಲ್ಲಿ ಬೆಂಗಳೂರಿನ ಹೆಸರೂ ಅಲ್ಲಿ ನಡೆದ ಕಾಳಗವೂ ಇವೆ. ಮದ್ದೂರು ಸೀಮೆಯ ಆತಕೂರಿನಲ್ಲಿ 949–50ರ ಸುಮಾರಿಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಅದರ ಒಡೆಯನಾದ ಮಣಲೆರನು ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ನಾಯಿಯ ಕಥೆಯನ್ನೂ ಮರೆಯಬಾರದೆಂದಿದ್ದ ಜನರ ಮಕ್ಕಳು ನಾವು. ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿ ಉಳಿದುಕೊಂಡಿತು. ಅದರ ಬಳಗದ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಳಾದುವು, ಮೋರಿಯ ಮುಚ್ಚಳಗಳಾದುವು, ಬಡಾವಣೆಗಳ ಅಸ್ತಿಭಾರದೊಳಗೆ ಮುಳುಗಿದುವು. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ 8ನೆಯ ಶತಮಾನದ ಕಲ್ಲು 2018ರಲ್ಲಿ ನೆಲವನ್ನು ಅಗೆಯುವಾಗ ಸಿಕ್ಕಿತು. ಆಸಕ್ತ ನಾಗರಿಕರು ಎಚ್ಚೆತ್ತುದರಿಂದ ಅದು ಉಳಿಯಿತು. ಮಿಥಿಕ್ ಸೊಸೈಟಿಯವರು ಇಂತಹ ಶಾಸನಗಳ ಬಿಂಬಗಳನ್ನು ಯಂತ್ರದ ಮೂಲಕ ಅಚ್ಚಳಿಯದಂತೆ ಸಂಗ್ರಹಿಸುತ್ತಿರುವುದು ಶ್ಲಾಘ್ಯವಾದ ಕಾರ್ಯ. ಆದರೆ ಸಂಗ್ರಹವಾದ ಅಕ್ಷರವು ನಾಲಗೆಯ ಮೇಲೆ ಬಾರದಿದ್ದರೆ ಕಲ್ಲಿಗೆ ಬಂಧುವಾಗುವವರು ಯಾರು?

ಆದುದರಿಂದ ನಮ್ಮ ಸೂಚನೆಯು ಇಷ್ಟೆ. ಊರಿಗೊಂದು ವೀರಗಲ್ಲು, ಮಾಸ್ತಿಕಲ್ಲು, ಹಳೆಯ ಗೋರಿ ಇದ್ದೇ ಇರುತ್ತದೆ. ವರ್ಷಕ್ಕೊಂದು ಸಂಜೆ ಅದರ ಬಳಿಯಲ್ಲಿ ದೀಪವಿಟ್ಟು, ಗಮಕಿಗಳನ್ನೋ ಹರಿದಾಸರನ್ನೋ ಶಾಲೆಯ ಉಪಾಧ್ಯಾಯರನ್ನೋ ಕೂರಿಸಿ, ಆ ಕಲ್ಲಿನ ಕಥೆಯನ್ನು ಊರಿನವರೆಲ್ಲರಿಗೂ ಹೇಳಿಸಲಿ. ಚೀಟಿ ಬೇಕಾಗಿಲ್ಲ, ತಟ್ಟೆಗೆ ಬಿದ್ದ ಕಾಸು ಕಲ್ಲಿನ ಸುತ್ತಲ ಕಟ್ಟೆಗೆ ಸಾಕು. ನಗರಸಭೆಗಳ ಅಧಿಕಾರಿಗಳು ರಸ್ತೆಯ ನಕ್ಷೆಯನ್ನು ಬರೆಯುವ ಮೊದಲು ಆ ಜಾಗವನ್ನು ಒಮ್ಮೆ ನಡೆದು ನೋಡಲಿ. ಮಾಸ್ತಿಕಲ್ಲಿನ ಮುಂದೆ ಕಥೆ ಹೇಳುವವರು ರಾಮಮೋಹನ ರಾಯರ ಹೆಸರನ್ನೂ, ಅವರ ಬ್ರಾಹ್ಮಧರ್ಮದ ಹಾದಿಯಲ್ಲಿ ನಡೆದು 1897ರಲ್ಲಿ ಮಂಗಳೂರಿನಲ್ಲಿ ದಲಿತರ ಸೇವೆಗಾಗಿ ಸಂಸ್ಥೆಯನ್ನು ಕಟ್ಟಿದ ಕುದ್ಮುಲ್ ರಂಗರಾಯರ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಲಿ.

ಬ್ರಿಸ್ಟಲಿನವರು ನಮ್ಮ ರಾಯರ ಛತ್ರಿಗೆ ನೆರಳಾಗಿ ನಿಂತಿದ್ದಾರೆ. ಪ್ರತಿ ವರ್ಷವೂ ಸೆಪ್ಟೆಂಬರ್ 27ರ ಸುಮಾರಿಗೆ ಅಲ್ಲಿ ಜನರು ನೆರೆದು ಅವರನ್ನು ಸ್ಮರಿಸುತ್ತಾರೆ. ಅದಕ್ಕಾಗಿ ನಾವು ಕೃತಜ್ಞರು. ಆ ನೆರವಿಗೆ ನಮ್ಮಿಂದ ಸಲ್ಲಬೇಕಾದ ಪ್ರತಿಫಲವು ಹಾರ ತುರಾಯಿಗಳಲ್ಲ. ಅವರ ಸಂಜೆಯ ಕಥೆಯಲ್ಲಿ ರಾಯರು ಯಾವ ಬೆಂಕಿಯ ವಿರುದ್ಧ ಹೋರಾಡಿದರೆಂದು ಕೇಳಿಬರುವ ಹೊತ್ತಿಗೆ, ಆ ಬೆಂಕಿಯಲ್ಲಿ ಉರಿದವರ ಹೆಸರುಗಳನ್ನು ನಾವು ಇಲ್ಲಿ ಕಲ್ಲಿನಿಂದ ಓದಿ ಹೇಳುತ್ತಿರಬೇಕು.